ಲಕ್ಷಾಂತರ ಜನರಿಗೆ ಸೂಜಿ ಹಾಕಿದವನಿಗೆ ಒಂದು ಬಾಟ್ಲಿಯ ಕಳಂಕ!

ಪ್ಲೇಗಿಗೆ ಮದ್ದು ಕೊಟ್ಟ ಹಾಫ್ಕಿನ್ ಪಟ್ಟ ಪಾಡು

1898ನೇ ಇಸವಿ, ಆಗಸ್ಟ್ ತಿಂಗಳು. ಹುಬ್ಬಳ್ಳಿ ಕಡೆಯಿಂದ ಬಂದ ರೈಲಿನಿಂದ ಬೆಂಗಳೂರಿನಲ್ಲಿ ಒಬ್ಬ ಆಳು ಮನುಷ್ಯ ಇಳಿದ. ರೈಲ್ವೆ ಸಾಹೇಬರೊಬ್ಬರ ಮನೆಯಲ್ಲಿ ಕೆಲಸಕ್ಕಿದ್ದವನು. ಅವನ ಜತೆಗೇ ಬೆಂಗಳೂರಿಗೆ ಪ್ಲೇಗೂ ಇಳಿಯಿತು.

ಮುಂದಿನದು ಅಜ್ಜ ಅಜ್ಜಿಯರ ಬಾಯಿಂದ ಮೊಮ್ಮಕ್ಕಳಿಗೆ ಬಂದ ಕಥೆ. ಮೊದಲು ಮನೆಯ ಸೂರಿನಿಂದ ಇಲಿ ಬೀಳುತ್ತಿತ್ತು. ಆಮೇಲೆ ಮನೆಯವರಿಗೆ ಜ್ವರ, ತೊಡೆಸಂದಿಯಲ್ಲೋ ಕಂಕುಳಲ್ಲೋ ಗಂಟು. ಮೂರು ನಾಲ್ಕು ದಿನದಲ್ಲಿ ಹೆಣ. ಹೊತ್ತವರು ಮರಳಿ ಬಂದು ಮಲಗಿದರೆ ಅವರನ್ನು ಹೊರುವವರಿಲ್ಲ. ಊರಿಗೆ ಊರೇ ಬೀಗ ಹಾಕಿ ಹೊಲದಲ್ಲಿ ಜೋಪಡಿ ಹಾಕಿಕೊಂಡಿತು. ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಬೆಳೆದದ್ದೇ ಈ ಮಾರಿಯ ಭಯಕ್ಕೆ. ಪ್ಲೇಗಿನ ಮಾರಮ್ಮ ಅಂತ ಗುಡಿ ಕಟ್ಟಿ ಕೈ ಮುಗಿದದ್ದೂ ಅದೇ ಭಯಕ್ಕೆ.

ಅದೇ 1898ರಲ್ಲಿ ಹುಬ್ಬಳ್ಳಿಯಲ್ಲಿ ಇನ್ನೊಂದು ನಡೆಯಿತು. ಸಾವಿರಾರು ಜನ ಸಾಲು ನಿಂತು ತೋಳಿಗೆ ಸೂಜಿ ಹಾಕಿಸಿಕೊಂಡರು. ದೇಶದಲ್ಲಿ ಪ್ಲೇಗಿನ ಚುಚ್ಚುಮದ್ದು ದೊಡ್ಡ ಪ್ರಮಾಣದಲ್ಲಿ ನಡೆದ ಮೊದಲ ಊರುಗಳಲ್ಲಿ ಹುಬ್ಬಳ್ಳಿಯೂ ಒಂದು. ಹಾಕಿಸಿಕೊಂಡವರಿಗೆ ಒಂದು ಚೀಟಿ. ಆ ಚೀಟಿ ತೋರಿಸಿದರೆ ಪ್ಲೇಗ್ ಕಾನೂನಿನ ಕೆಲವು ಕಾಟ ತಪ್ಪುತ್ತಿತ್ತು.

ಆ ಮದ್ದಿನ ಬಾಟ್ಲಿ ಬರುತ್ತಿದ್ದದ್ದು ಬೊಂಬಾಯಿಯಿಂದ. ಅದನ್ನು ತಯಾರಿಸಿದವನು ವಾಲ್ಡೆಮಾರ್ ಹಾಫ್ಕಿನ್. ಹೊರದೇಶದಿಂದ ಬಂದು, 20 ವರ್ಷಕ್ಕೂ ಹೆಚ್ಚು ಕಾಲ ಈ ದೇಶದ ರೋಗಗಳ ಜತೆ ಗುದ್ದಾಡಿ, ಕೊನೆಗೆ ತಾನು ಮಾಡದ ತಪ್ಪಿಗೆ ತಲೆ ತಗ್ಗಿಸಿ ನಿಲ್ಲಬೇಕಾದ ಮನುಷ್ಯ.

ಕೆಲಸ ಸಿಗದ ಪದವೀಧರ

ಹಾಫ್ಕಿನ್ ಹುಟ್ಟಿದ್ದು 1860ರ ಮಾರ್ಚ್ 15ರಂದು, ಕಪ್ಪು ಸಮುದ್ರದ ದಂಡೆಯ ಒಡೆಸ್ಸಾದಲ್ಲಿ. ಆಗ ಅದು ರಷ್ಯಾದ ಚಕ್ರವರ್ತಿಯ ಆಳ್ವಿಕೆಯ ಊರು, ಈಗಿನ ಉಕ್ರೇನ್. ಆತ ಯಹೂದಿ. ಆ ರಾಜ್ಯದಲ್ಲಿ ಯಹೂದಿಯಾಗಿ ಹುಟ್ಟುವುದೇ ಒಂದು ಅಪರಾಧದಂತಿತ್ತು. ಆಗಾಗ ಗಲಭೆ, ಮನೆ ಲೂಟಿ, ಕೊಲೆ. ಹುಡುಗ ಸುಮ್ಮನೆ ಕೂರುವ ಪೈಕಿಯಲ್ಲ. ತಮ್ಮವರ ಕೇರಿ ಕಾಯಲು ನಿಂತು ಪೊಲೀಸರ ಕೈಗೆ ಸಿಕ್ಕಿಬಿದ್ದ. ಬಿಡಿಸಿಕೊಂಡು ಬಂದವನು ಗುರು ಮೆಚ್ನಿಕಾಫ್. ರಕ್ತದ ಬಿಳಿಕಣಗಳು ರೋಗಾಣುಗಳನ್ನು ನುಂಗುತ್ತವೆ ಅಂತ ತೋರಿಸಿ ಮುಂದೆ 1908ರಲ್ಲಿ ನೊಬೆಲ್ ಪಡೆದ ಅದೇ ಮೆಚ್ನಿಕಾಫ್.

ಓದಿನಲ್ಲಿ ಹಾಫ್ಕಿನ್ ಚುರುಕು. ಆದರೆ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುವ ಕೆಲಸ ಬೇಕಾದರೆ ಧರ್ಮ ಬದಲಿಸು ಅಂದರು. ಆತ ಒಪ್ಪಲಿಲ್ಲ. ಒಡೆಸ್ಸಾದ ಪ್ರಾಣಿ ಸಂಗ್ರಹಾಲಯದಲ್ಲಿ ಕೆಲ ವರ್ಷ ಸವೆಸಿ, 1888ರಲ್ಲಿ ಊರು ಬಿಟ್ಟು ಜಿನೀವಾಕ್ಕೆ, ಅಲ್ಲಿಂದ ಪ್ಯಾರಿಸ್ಸಿಗೆ ಹೋದ.

ಪ್ಯಾರಿಸ್ಸಿನಲ್ಲಿ ಲೂಯಿ ಪಾಶ್ಚರನ ಹೊಸ ಸಂಸ್ಥೆ. ಹುಚ್ಚುನಾಯಿ ಕಡಿತಕ್ಕೆ ಮದ್ದು ಕೊಟ್ಟ ಪಾಶ್ಚರನ ಹೆಸರು ಜಗತ್ತಿಗೆಲ್ಲ ಗೊತ್ತಿದ್ದ ಕಾಲ. ಗುರು ಮೆಚ್ನಿಕಾಫ್ ಕೂಡ ಅಲ್ಲೇ ಸೇರಿದ್ದ. ಶಿಷ್ಯನಿಗೆ ಖಾಲಿ ಇದ್ದ ಕೆಲಸ ಒಂದೇ, ಲೈಬ್ರರಿಯಲ್ಲಿ ಪುಸ್ತಕ ನೋಡಿಕೊಳ್ಳುವುದು. ಅದಕ್ಕೂ ಸೈ ಅಂದ. ಹಗಲು ಪುಸ್ತಕ ಜೋಡಿಸಿ, ಬಿಡುವು ಸಿಕ್ಕಾಗ ಪಿಟೀಲು ನುಡಿಸಿ, ಉಳಿದ ಹೊತ್ತೆಲ್ಲ ಪ್ರಯೋಗದ ಮೇಜಿನ ಮುಂದೆ ಕೂತ.

ಮೊದಲ ಸೂಜಿ ತನ್ನ ಮೈಗೇ

ಆ ಕಾಲದಲ್ಲಿ ಕಾಲರಾ ಅಂದರೆ ಯೂರೋಪೂ ನಡುಗುತ್ತಿತ್ತು. ಬೆಳಿಗ್ಗೆ ವಾಂತಿಭೇದಿ ಶುರುವಾದರೆ ಸಂಜೆಗೆ ಸಾವು. ಆ ರೋಗಾಣುವನ್ನೇ ಹದಮಾಡಿ, ಮೈಗೆ ಸ್ವಲ್ಪ ಸ್ವಲ್ಪ ಪರಿಚಯ ಮಾಡಿಸಿದರೆ ನಿಜವಾದ ರೋಗ ಬಂದಾಗ ಮೈ ಎದುರಿಸಬಲ್ಲದು ಅನ್ನುವುದು ಹಾಫ್ಕಿನ್‌ನ ಲೆಕ್ಕ. ಪ್ರಾಣಿಗಳ ಮೇಲೆ ಲೆಕ್ಕ ಸರಿಹೋಯಿತು. ಮನುಷ್ಯರ ಮೇಲೆ?

1892ರ ಜುಲೈ 18ರಂದು ಆ ಮದ್ದನ್ನು ತನಗೇ ಚುಚ್ಚಿಕೊಂಡ. ಜ್ವರ ಬಂತು, ನೋವು ಬಂತು, ಹೋಯಿತು. ಕೆಲ ದಿನ ಬಿಟ್ಟು ಇನ್ನೊಂದು ಸಲ, ಈ ಸಾರಿ ಹೆಚ್ಚು ಬಲದ್ದು. ಅದನ್ನೂ ಮೈ ತಡೆದುಕೊಂಡಿತು. ಆಮೇಲೆ ಮೂವರು ಗೆಳೆಯರು ತೋಳು ಒಡ್ಡಿದರು. ಎಲ್ಲರೂ ಗಟ್ಟಿಯಾಗೇ ಉಳಿದರು.

ಆದರೂ ದೊಡ್ಡ ದೊಡ್ಡವರಿಗೆ ನಂಬಿಕೆ ಬರಲಿಲ್ಲ. ರೋಗ ಇರುವ ಕಡೆಯೇ ಹೋಗಿ ತೋರಿಸಬೇಕು. ಹಿಂದೆ ಭಾರತದಲ್ಲಿ ವೈಸ್‌ರಾಯ್ ಆಗಿದ್ದ ಲಾರ್ಡ್ ಡಫರಿನ್ ಆಗ ಪ್ಯಾರಿಸ್ಸಿನಲ್ಲಿ ಇಂಗ್ಲೆಂಡಿನ ರಾಯಭಾರಿ. ಆತನ ಸಹಾಯದಿಂದ ದಾರಿ ಸಿಕ್ಕಿತು. 1893ರ ಮಾರ್ಚಿನಲ್ಲಿ ಹಾಫ್ಕಿನ್ ಕಲ್ಕತ್ತೆಯಲ್ಲಿ ಇಳಿದ. ವಯಸ್ಸು 33.

ಬಿಳಿಯ ಸಾಹೇಬ ಸೂಜಿ ಹಿಡಿದು ಬಂದ ಅಂದರೆ ನಮ್ಮ ಜನ ಸುಮ್ಮನೆ ತೋಳು ಕೊಡುತ್ತಾರೆಯೇ? ವಿಷ ಚುಚ್ಚುತ್ತಾನೆ, ಜಾತಿ ಕೆಡಿಸುತ್ತಾನೆ ಅಂತ ಗುಲ್ಲು. ಕಲ್ಲು ತೂರಿದ್ದೂ ಉಂಟಂತೆ. ಅಂಥ ಕಡೆ ಜತೆಗಿದ್ದ ವೈದ್ಯರೇ ಜನರ ಎದುರು ಚುಚ್ಚಿಸಿಕೊಂಡು ತೋರಿಸಿದರು ಅನ್ನುತ್ತಾರೆ. ನೋಡಿದವರು ಒಬ್ಬೊಬ್ಬರಾಗಿ ಮುಂದೆ ಬಂದರು.

1894ರಲ್ಲಿ ಕಲ್ಕತ್ತೆಯ ಒಂದು ಕೊಳೆಗೇರಿಯಲ್ಲಿ ಕಾಲರಾ ಎದ್ದಿತು. ಅಲ್ಲಿದ್ದ ಸುಮಾರು 200 ಜನರಲ್ಲಿ 116 ಜನ ಚುಚ್ಚಿಸಿಕೊಂಡರು. ಆಮೇಲೂ ರೋಗ ಬಂತು. ಆದರೆ ಬಿದ್ದವರೆಲ್ಲ ಚುಚ್ಚಿಸಿಕೊಳ್ಳದೆ ಉಳಿದಿದ್ದವರು. ಎರಡು ವರ್ಷದಲ್ಲಿ ಉತ್ತರ ಭಾರತ, ಬಂಗಾಳ, ಅಸ್ಸಾಮಿನ ಚಹಾ ತೋಟ ಎಲ್ಲ ಸುತ್ತಿ ಸುಮಾರು 42 ಸಾವಿರ ಜನರಿಗೆ ಸೂಜಿ ಹಾಕಿಸಿದ. ಮಲೇರಿಯಾ ಹಿಡಿದು ಮೈ ಇಳಿದು ಇಂಗ್ಲೆಂಡಿಗೆ ಹೋದವನು, ಚೇತರಿಸಿಕೊಂಡ ಕೂಡಲೇ ಮರಳಿ ಬಂದ.

ಒಂದು ಕೋಣೆ, ಒಂದು ಮೊಗಸಾಲೆ

1896ರ ಸೆಪ್ಟೆಂಬರಿನಲ್ಲಿ ಬೊಂಬಾಯಿ ಬಂದರಿನ ಬಳಿಯ ಮಾಂಡವಿಯಲ್ಲಿ ಗಂಟಿನ ಜ್ವರ ಕಾಣಿಸಿತು. ಇದು ಪ್ಲೇಗೇ ಅಂತ ಮೊದಲು ಗುರುತು ಹಿಡಿದವರು ಗೋವೆಯ ಮೂಲದ ಡಾ. ಅಕಾಸಿಯೊ ವಿಯೇಗಾಸ್. ದವಸದ ಗೋದಾಮುಗಳ ಕೇರಿ ಅದು. ಇಲಿಗಳ ಸಾಮ್ರಾಜ್ಯ. ಇಲಿಯ ಮೈಮೇಲಿನ ಚಿಗಟ ಕಚ್ಚಿ ರೋಗ ಮನುಷ್ಯರಿಗೆ ಹತ್ತುತ್ತದೆ ಅನ್ನುವುದು ಆಗ ಯಾರಿಗೂ ಗೊತ್ತಿಲ್ಲ. ಅದನ್ನು ಫ್ರಾನ್ಸಿನ ಸಿಮೋನ್ 1898ರಲ್ಲಿ ಕರಾಚಿಯಲ್ಲಿ ಪತ್ತೆ ಹಚ್ಚಿದ. ಅದನ್ನು ನಂಬುವುದಕ್ಕೇ ಜಗತ್ತಿಗೆ ಮತ್ತೆ ಹಲವು ವರ್ಷ ಬೇಕಾಯಿತು.

ಅಕ್ಟೋಬರಿನಲ್ಲಿ ಹಾಫ್ಕಿನ್ ಬೊಂಬಾಯಿಗೆ ಬಂದ. ಸರ್ಕಾರ ಕೊಟ್ಟದ್ದು ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ ಒಂದು ಕೋಣೆ, ಒಂದು ಮೊಗಸಾಲೆ, ಒಬ್ಬ ಗುಮಾಸ್ತ, ಮೂವರು ಜವಾನರು. ಇಷ್ಟರಲ್ಲೇ ಹಗಲು ರಾತ್ರಿ ಕೆಲಸ. ಒತ್ತಡ ತಾಳಲಾರದೆ ಒಬ್ಬ ಸಹಾಯಕನ ಮನಸ್ಸೇ ಕುಸಿದುಹೋಯಿತು. ಇನ್ನಿಬ್ಬರು ಕೆಲಸ ಬಿಟ್ಟು ಹೋದರು.

ಮದ್ದು ತಯಾರಿಸಿದ ರೀತಿ ಕೇಳುವಂಥದ್ದು. ಮಾಂಸದ ಸಾರಿನಲ್ಲಿ ಪ್ಲೇಗಿನ ರೋಗಾಣು ಬೆಳೆಸಬೇಕು. ದನದ ಮಾಂಸ ಹಾಕಿದರೆ ಜನ ಮುಟ್ಟುವುದಿಲ್ಲ ಅಂತ ತಿಳಿದು ಆಡಿನ ಮಾಂಸ ಬಳಸಿದರು. ಸಾರಿನ ಮೇಲೆ ನಾಲ್ಕು ಹನಿ ತುಪ್ಪ ತೇಲಿಬಿಡುವುದು. ತುಪ್ಪದ ಹನಿಗೆ ಜೋತುಬಿದ್ದು ರೋಗಾಣುಗಳು ಬಿಳಲಿನಂತೆ ಕೆಳಗೆ ಇಳಿಬೀಳುತ್ತಾ ಬೆಳೆಯುತ್ತಿದ್ದವು. ಅಲ್ಲಾಡಿಸಿದರೆ ತಳಕ್ಕೆ ಉದುರುತ್ತವೆ, ಮತ್ತೆ ಹೊಸದು ಬೆಳೆಯುತ್ತದೆ. ಹೀಗೆ ವಾರಗಟ್ಟಲೆ ಬೆಳೆಸಿ, ಕಾಯಿಸಿ ಕೊಂದು, ಕಾರ್ಬಾಲಿಕ್ ಆಸಿಡ್ ಬೆರೆಸಿ ಬಾಟ್ಲಿಗೆ ತುಂಬುವುದು. ಸತ್ತ ರೋಗಾಣುವನ್ನು ಕಂಡ ಮೈ, ಬದುಕಿದ ರೋಗಾಣು ಬಂದಾಗ ಅದನ್ನು ಗುರುತಿಸಿ ಹೊಡೆಯುತ್ತದೆ.

1897ರ ಜನವರಿ 10ರಂದು ಮತ್ತೆ ಮೊದಲ ಸೂಜಿ ತನಗೇ. ಮುಂದೆ ಜನರಿಗೆ ಕೊಟ್ಟ ಪ್ರಮಾಣದ ಮೂರು ನಾಲ್ಕು ಪಟ್ಟು. ಜ್ವರ ಏರಿತು, ಚುಚ್ಚಿದ ಜಾಗ ಬಾತುಕೊಂಡಿತು. ಆತ ಕೆಲಸ ಬಿಡಲಿಲ್ಲ.

ಅದೇ ತಿಂಗಳು ಬೈಕುಲಾ ಜೈಲಿಗೆ ಪ್ಲೇಗ್ ನುಗ್ಗಿತು. ಒಪ್ಪಿದ ಕೈದಿಗಳಿಗೆ ಸೂಜಿ ಹಾಕಿದರು, ಉಳಿದವರನ್ನು ಬಿಟ್ಟರು. ಊಟ ಒಂದೇ, ಗೋಡೆ ಒಂದೇ. ಹಾಕಿಸಿಕೊಳ್ಳದವರಲ್ಲಿ 12 ಜನಕ್ಕೆ ರೋಗ ಬಂದು 6 ಜನ ಸತ್ತರು. ಹಾಕಿಸಿಕೊಂಡವರಲ್ಲಿ ಇಬ್ಬರಿಗೆ ಬಂತು, ಸಾವಿಲ್ಲ. ಇದು ನೂರಕ್ಕೆ ನೂರು ಕಾಪಾಡುವ ಮದ್ದಲ್ಲ. ಆದರೆ ರೋಗ ಕಡಿಮೆ ಮಾಡುತ್ತದೆ, ಸಾವು ಇನ್ನೂ ಕಡಿಮೆ ಮಾಡುತ್ತದೆ. ಬೇರೇನೂ ಇಲ್ಲದ ಕಾಲಕ್ಕೆ ಅದೇ ದೊಡ್ಡದು.

ಸರ್ಕಾರದ ಲಾಠಿ, ಹಾಫ್ಕಿನ್‌ನ ಸೂಜಿ

ಆಗ ಸರ್ಕಾರದ ದಾರಿಯೇ ಬೇರೆ. 1897ರಲ್ಲಿ ಸಾಂಕ್ರಾಮಿಕ ರೋಗಗಳ ಕಾನೂನು ತಂದು ಮನೆಮನೆಗೆ ಸೋಲ್ಜರುಗಳನ್ನು ನುಗ್ಗಿಸಿದರು. ದೇವರ ಕೋಣೆ, ಅಡಿಗೆಮನೆ ಯಾವುದೂ ಉಳಿಯಲಿಲ್ಲ. ಪಾತ್ರೆ ಪಗಡ ಬೀದಿಗೆ, ಹಾಸಿಗೆ ಬೆಂಕಿಗೆ, ಮನೆಯವರು ಕ್ಯಾಂಪಿಗೆ. ಪುಣೆಯಲ್ಲಿ ಜನ ಸಿಟ್ಟಿಗೆದ್ದು, ಜೂನ್ 22ರ ರಾತ್ರಿ ಪ್ಲೇಗ್ ಅಧಿಕಾರಿ ರ‍್ಯಾಂಡ್‌ನ ಮೇಲೆ ಚಾಪೇಕರ್ ಸಹೋದರರು ಗುಂಡು ಹಾರಿಸಿದ ಸಂಗತಿ ಶಾಲೆ ಮಕ್ಕಳಿಗೂ ಗೊತ್ತು.

ಹಾಫ್ಕಿನ್ ನಂಬಿದ್ದು ಒಪ್ಪಿಗೆಯನ್ನು. ಆತನಿಗೆ ಬೆನ್ನು ಕೊಟ್ಟವರಲ್ಲಿ ಮುಖ್ಯ ಆಗಾ ಖಾನ್. ಖೋಜಾ ಜನರ ಗುರುವಾದ ಆ ಯುವಕ ತನ್ನ ಜನರ ಎದುರಿಗೇ ತೋಳು ಒಡ್ಡಿ ಚುಚ್ಚಿಸಿಕೊಂಡ, ಒಂದು ಸಲ ಅಲ್ಲ, ಹಲವು ಸಲ. ಪ್ರಯೋಗಾಲಯಕ್ಕೆ ತನ್ನ ಬಂಗಲೆಯನ್ನೇ ಬಿಟ್ಟುಕೊಟ್ಟ. ಗುರುವೇ ಚುಚ್ಚಿಸಿಕೊಂಡ ಮೇಲೆ ಶಿಷ್ಯರದ್ದೇನು? ಸಾವಿರಗಟ್ಟಲೆ ಖೋಜಾಗಳು ಬಂದರು. 1899ರ ಆಗಸ್ಟಿನಲ್ಲಿ ಬೊಂಬಾಯಿಯ ಪರೇಲಿನಲ್ಲಿ ಹಳೇ ಗವರ್ನರ್ ಬಂಗಲೆ ಪ್ಲೇಗ್ ಸಂಶೋಧನಾ ಪ್ರಯೋಗಾಲಯವಾಯಿತು. ಹಾಫ್ಕಿನ್ ಅದರ ಮುಖ್ಯಸ್ಥ. ಒಂದು ಕೋಣೆಯಲ್ಲಿ ಶುರುವಾದದ್ದು ಮೂರು ವರ್ಷದೊಳಗೆ ಅರಮನೆ ಸೇರಿತ್ತು. 1902ರ ಹೊತ್ತಿಗೆ ಸುಮಾರು 5 ಲಕ್ಷ ಜನ ಸೂಜಿ ಹಾಕಿಸಿಕೊಂಡಿದ್ದರು.

ಮುಲ್ಕೋವಾಲಿನ ಬಾಟ್ಲಿ

ಆಗ ಬಂತು ಕಂಟಕ. 1902ರಲ್ಲಿ ಪಂಜಾಬಿನಲ್ಲಿ ಪ್ಲೇಗ್ ಹೊತ್ತಿ ಉರಿಯುತ್ತಿತ್ತು. ಅಲ್ಲಿಂದ ಲಕ್ಷಗಟ್ಟಲೆ ಡೋಸಿಗೆ ಬೇಡಿಕೆ. ಬೇಗ ಬೇಗ ತಯಾರಿಸಲು ಹಾಫ್ಕಿನ್ ಕಾರ್ಬಾಲಿಕ್ ಆಸಿಡ್ ಬೆರೆಸುವುದನ್ನು ಕೈಬಿಟ್ಟು, ಕಾಯಿಸಿ ಶುದ್ಧ ಮಾಡುವುದನ್ನೇ ನೆಚ್ಚಿಕೊಂಡ. ಪ್ಯಾರಿಸ್ಸಿನಲ್ಲೂ ಕಾಯಿಸುವುದನ್ನೇ ನಂಬುತ್ತಿದ್ದರು.

ಅಕ್ಟೋಬರ್ 30. ಮುಲ್ಕೋವಾಲ್ ಎಂಬ ಹಳ್ಳಿ. ಆ ದಿನ 107 ಜನರಿಗೆ ಸೂಜಿ ಹಾಕಿದರು. ಐದು ಬಾಟ್ಲಿ ಬಳಸಿದ್ದರು. ಅದರಲ್ಲಿ ಒಂದೇ ಬಾಟ್ಲಿಯಿಂದ, 53ಎನ್ ಅನ್ನೋ ನಂಬರಿನದು, ಹಾಕಿಸಿಕೊಂಡ 19 ಜನರಿಗೆ ಒಂದು ವಾರದ ಹೊತ್ತಿಗೆ ದವಡೆ ಕಚ್ಚಿಕೊಂಡಿತು, ಬೆನ್ನು ಬಿಲ್ಲಿನಂತೆ ಬಾಗಿತು. ಧನುರ್ವಾಯು! 19 ಜನರೂ ಸತ್ತರು. ಉಳಿದ 88 ಜನರಿಗೆ ಏನೂ ಆಗಲಿಲ್ಲ.

ಪ್ಲೇಗಿನಿಂದ ಬದುಕಲೆಂದು ತೋಳು ಒಡ್ಡಿದ 19 ಮಂದಿ ಸೂಜಿಯಿಂದಲೇ ಸತ್ತರು. ಆ ಮನೆಗಳ ಗೋಳಿಗೆ ಯಾವ ಸಮಾಧಾನವೂ ಸಾಲದು. ಸುದ್ದಿ ಹಬ್ಬಿತು. ಜನ ಹೆದರಿದರು. ಪಂಜಾಬಿನ ದೊಡ್ಡ ಯೋಜನೆ ಮಕಾಡೆ ಮಲಗಿತು.

ಯಾರು ಹೊಣೆ? ಸರ್ಕಾರ ಒಂದು ಕಮಿಷನ್ ನೇಮಿಸಿತು. ಬೊಂಬಾಯಿ ಹೈಕೋರ್ಟಿನ ಮುಖ್ಯ ನ್ಯಾಯಾಧೀಶ ಸರ್ ಲಾರೆನ್ಸ್ ಜೆಂಕಿನ್ಸ್ ಅದರ ಅಧ್ಯಕ್ಷ. ಬಾಟ್ಲಿ ತೆರೆಯುವ ಮುಂಚೆಯೇ, ಅಂದರೆ ಬೊಂಬಾಯಿಯ ಪ್ರಯೋಗಾಲಯದಲ್ಲೇ ಅದು ಕೆಟ್ಟಿತ್ತು ಅಂತ ಕಮಿಷನ್ ಹೇಳಿತು. ಕಾರ್ಬಾಲಿಕ್ ಬಿಟ್ಟದ್ದೇ ತಪ್ಪು ಅಂತ ಬೆರಳು ತೋರಿಸಿತು. ಹಾಫ್ಕಿನ್‌ನನ್ನು ಪರೇಲಿನ ಕುರ್ಚಿಯಿಂದ ಇಳಿಸಿ ಸಂಬಳವಿಲ್ಲದ ರಜೆಯ ಮೇಲೆ ಕಳಿಸಿದರು. 1904ರಲ್ಲಿ ಆತ ಲಂಡನ್ನಿಗೆ ಹೋದ.

ಅಂಗಡಿ ಇಟ್ಟವರಿಗೆ ಇದು ಬಿಡಿಸಿ ಹೇಳಬೇಕಿಲ್ಲ. ಇಪ್ಪತ್ತು ವರ್ಷ ನಿಯತ್ತಿನಿಂದ ತೂಗಿದವನ ಚೀಲದಲ್ಲಿ ಒಂದು ದಿನ ಕಲ್ಲು ಸಿಕ್ಕರೆ ಸಾಕು, ಕಲ್ಲು ಎಲ್ಲಿ ಸೇರಿತು ಅಂತ ಯಾರೂ ಕೇಳುವುದಿಲ್ಲ. ಗಾಡಿಯಲ್ಲೋ, ಗೋದಾಮಿನಲ್ಲೋ, ಗಿರಾಕಿಯ ಮನೆಯಲ್ಲೋ? ಹೆಸರು ಮಾತ್ರ ಅಂಗಡಿಯವನದ್ದೇ ಕೆಡುತ್ತದೆ.

ನೆಲಕ್ಕೆ ಬಿದ್ದ ಚಿಮುಟ

ಹಾಫ್ಕಿನ್ ಕೇಳಿದ್ದು ಅದೇ ಪ್ರಶ್ನೆ. ಬಾಟ್ಲಿ ತುಂಬಿದ್ದು ಸೂಜಿ ಹಾಕುವ 41 ದಿನ ಮುಂಚೆ. ಧನುರ್ವಾಯುವಿನ ರೋಗಾಣು ಅಷ್ಟು ದಿನ ಒಳಗೆ ಬೆಳೆದಿದ್ದರೆ ಮುಚ್ಚಳ ತೆಗೆದ ಕೂಡಲೇ ಗಬ್ಬು ವಾಸನೆ ಹೊಡೆಯಬೇಕಿತ್ತು. ಸೂಜಿ ಹಾಕಿದ ವೈದ್ಯನ ಹೇಳಿಕೆಯಲ್ಲಿ ಅಂಥ ವಾಸನೆಯ ಮಾತಿಲ್ಲ. ಒಂದೇ ತಯಾರಿಯ ಉಳಿದ ಬಾಟ್ಲಿಗಳಿಂದ ಯಾರಿಗೂ ತೊಂದರೆಯಾಗಿಲ್ಲ. ಹಾಗಾದರೆ ಕೊಳೆ ಹೊಕ್ಕದ್ದು ಎಲ್ಲಿ?

ಹಳ್ಳಿಯಲ್ಲೇ. ಆ ದಿನ ಬಾಟ್ಲಿಯ ಬಿರಡೆ ಕೀಳುವ ಚಿಮುಟ ಸಹಾಯಕನ ಕೈಯಿಂದ ಜಾರಿ ನೆಲಕ್ಕೆ ಬಿತ್ತು. ಅದನ್ನು ಎತ್ತಿ, ಸರಿಯಾಗಿ ಶುದ್ಧ ಮಾಡದೆ, ಅದರಿಂದಲೇ ಬಿರಡೆ ಕಿತ್ತಿದ್ದರು. ಧನುರ್ವಾಯುವಿನ ಬೀಜ ಇರುವುದೇ ಮಣ್ಣಿನಲ್ಲಿ, ಸಗಣಿ ಗೊಬ್ಬರದಲ್ಲಿ. ನೆಲದ ಧೂಳು ಚಿಮುಟಕ್ಕೆ, ಚಿಮುಟದಿಂದ ಬಿರಡೆಗೆ, ಬಿರಡೆಯಿಂದ ಮದ್ದಿಗೆ. ಕ್ಷಣಮಾತ್ರದ ಅಜಾಗರೂಕತೆ. ಆ ಸಹಾಯಕನಿಗೂ ಕೊಲ್ಲುವ ಮನಸ್ಸಿರಲಿಲ್ಲ.

ಈ ಸಾಕ್ಷಿ ಸರ್ಕಾರದ ಕಾಗದಗಳಲ್ಲೇ ಇತ್ತು. ಆದರೆ ಕಡತ ಬಿಚ್ಚಲು ವರ್ಷಗಳೇ ಹಿಡಿದವು. ಲಂಡನ್ನಿನ ಲಿಸ್ಟರ್ ಸಂಸ್ಥೆಯ ತಜ್ಞರು ನೋಡಿದರು, ಹಾಫ್ಕಿನ್‌ನ ವಾದದಲ್ಲಿ ಹುರುಳಿದೆ ಅಂದರು. ಆದರೂ ಹೆಸರಿನ ಮೇಲಿನ ಕಪ್ಪು ಹೋಗಲಿಲ್ಲ. ಆಗ ಎದ್ದು ನಿಂತವನು ರೊನಾಲ್ಡ್ ರಾಸ್. ಸೊಳ್ಳೆಯಿಂದ ಮಲೇರಿಯಾ ಹರಡುತ್ತದೆ ಅಂತ ಭಾರತದಲ್ಲೇ ಕಂಡುಹಿಡಿದು 1902ರಲ್ಲಿ ನೊಬೆಲ್ ಪಡೆದ ರಾಸ್. 1895ರಲ್ಲಿ ಬೆಂಗಳೂರಿನ ಕಾಲರಾ ಹತೋಟಿಗೆ ಬಂದು ದುಡಿದವನೂ ಅವನೇ. ಒಬ್ಬ ನಿರಪರಾಧಿಗೆ ಅನ್ಯಾಯವಾಗಿದೆ ಅಂತ ರಾಸ್ ಪತ್ರಿಕೆಗಳಲ್ಲಿ ಬರೆದ. 1907ರ ಜುಲೈನಲ್ಲಿ ಲಂಡನ್ ಟೈಮ್ಸ್ ಪತ್ರಿಕೆಯಲ್ಲಿ ಹತ್ತು ಮಂದಿ ವಿಜ್ಞಾನಿಗಳ ಸಹಿಯಿರುವ ಪತ್ರ ಬಂತು. ಪಾರ್ಲಿಮೆಂಟಿನಲ್ಲೂ ಪ್ರಶ್ನೆ ಎದ್ದಿತು. ಫ್ರಾನ್ಸಿನಲ್ಲಿ ಡ್ರೈಫಸ್ ಎಂಬ ಯಹೂದಿ ಸೇನಾಧಿಕಾರಿಯ ಮೇಲೆ ಸುಳ್ಳು ಆರೋಪ ಹೊರಿಸಿ ಜೈಲಿಗೆ ಹಾಕಿದ್ದ ಪ್ರಕರಣ ಆಗ ಎಲ್ಲರ ಬಾಯಲ್ಲಿತ್ತು. ಇದು ಚಿಕ್ಕ ಡ್ರೈಫಸ್ ಪ್ರಕರಣ ಅಂತ ಜನ ಆಡಿಕೊಂಡರು.

ಕೊನೆಗೆ 1907ರ ನವೆಂಬರಿನಲ್ಲಿ ಸರ್ಕಾರ ಹಾಫ್ಕಿನ್‌ನನ್ನು ಆರೋಪದಿಂದ ಬಿಡಿಸಿ ಮತ್ತೆ ಕೆಲಸಕ್ಕೆ ಕರೆಯಿತು. 1902ರಿಂದ 1907. ಐದು ವರ್ಷ!

ಮರಳಿ ಬಂದವನಿಗೆ ಸಿಕ್ಕಿದ್ದು

ಆತ ಮರಳಿ ಬಂದ. ಆದರೆ ಪರೇಲಿನ ಪ್ರಯೋಗಾಲಯ ಬೇರೆಯವರ ಕೈ ಸೇರಿತ್ತು. ಕಲ್ಕತ್ತೆಯಲ್ಲಿ ಕೂರಿಸಿದರು. ಹೊಸ ರೀತಿಯ ಮದ್ದನ್ನು ಜನರ ಮೇಲೆ ಪರೀಕ್ಷಿಸಲು ಅನುಮತಿ ಕೇಳಿದರೆ ಸಿಗಲಿಲ್ಲ. 40ರ ಹರೆಯದಲ್ಲಿ ಕೈತುಂಬ ಕೆಲಸವಿದ್ದ ಮನುಷ್ಯ ಕಾಗದ ಪತ್ರದ ನಡುವೆ ಕೂತ. ನಿವೃತ್ತಿಯ ವಯಸ್ಸು ಬರುತ್ತಲೇ ಹೊರಟುಹೋದ. ಫ್ರಾನ್ಸಿನಲ್ಲಿ ಕೆಲ ಕಾಲ ಇದ್ದು, ಕೊನೆಗೆ ಸ್ವಿಟ್ಜರ್‌ಲೆಂಡಿನ ಲೊಸಾನ್ ಊರು ಸೇರಿದ. ಮದುವೆ ಆಗಿರಲಿಲ್ಲ. ಕೂಡಿಟ್ಟ ಹಣವನ್ನು ತನ್ನವರ ಧರ್ಮಶಾಲೆಗಳ ಮಕ್ಕಳ ಓದಿಗೆ ಬರೆದಿಟ್ಟ. 1930ರ ಅಕ್ಟೋಬರ್ 26ರಂದು ಅಲ್ಲೇ ತೀರಿಕೊಂಡ.

ಆದರೆ ಮದ್ದು ನಿಂತಿರಲಿಲ್ಲ. 1897ರಿಂದ 1925ರವರೆಗೆ ಬೊಂಬಾಯಿಯಿಂದ ಹೋದ ಪ್ಲೇಗ್ ಮದ್ದು 2 ಕೋಟಿ 60 ಲಕ್ಷ ಡೋಸ್. ಅದೇ ಅವಧಿಯಲ್ಲಿ ಪ್ಲೇಗಿಗೆ ಬಲಿಯಾದ ಭಾರತೀಯರು ಒಂದು ಕೋಟಿಗೂ ಮೇಲೆ. ಮದ್ದಿಲ್ಲದಿದ್ದರೆ ಎಷ್ಟಾಗುತ್ತಿತ್ತೋ, ಲೆಕ್ಕ ಇಡುವವರಾದರೂ ಉಳಿಯುತ್ತಿದ್ದರೋ ಇಲ್ಲವೋ. 1925ರಲ್ಲಿ ಪರೇಲಿನ ಪ್ರಯೋಗಾಲಯಕ್ಕೆ ಹಾಫ್ಕಿನ್ ಸಂಸ್ಥೆ ಅಂತ ಹೆಸರಿಟ್ಟರು. ಆಗ ಆತ ಬದುಕಿದ್ದ. ಕುರ್ಚಿ ಕಿತ್ತುಕೊಂಡಿದ್ದ ಅದೇ ಬಾಗಿಲ ಮೇಲೆ ಅವನದೇ ಹೆಸರು! ಸ್ವತಂತ್ರ ಭಾರತ 1964ರಲ್ಲಿ ಆತನ ಅಂಚೆಚೀಟಿ ತಂದಿತು.

ಮುಂದೆ ಪ್ಲೇಗಿಗೆ ಸ್ಟ್ರೆಪ್ಟೊಮೈಸಿನ್‌ನಂಥ ಒಳ್ಳೆಯ ಔಷಧ ಬಂದವು. ಚಿಗಟ ಕೊಲ್ಲುವ ಪುಡಿ ಬಂತು. ಜನ ಜೋಪಡಿ ಬಿಟ್ಟು ಊರಿಗೆ ಮರಳಿದರು. ಮಾರಮ್ಮನ ಗುಡಿಯಲ್ಲಿ ದೀಪ ಉರಿಯುತ್ತಲೇ ಇದೆ, ಉರಿಯಲಿ. ತಾಯಿಗೆ ಕೈ ಮುಗಿಯುವವರು, ತಮ್ಮ ಮುತ್ತಜ್ಜನ ತೋಳಿಗೆ ಬಿದ್ದ ಸೂಜಿ ಮೊದಲು ಯಾರ ತೋಳಿಗೆ ಬಿದ್ದಿತ್ತು ಅನ್ನೋದನ್ನೂ ಒಮ್ಮೆ ನೆನೆದರೆ ನಷ್ಟವೇನಿಲ್ಲ.